ಮೇಸ್ತ್ರಿಗೆ ಒಂದು ದಿನ ರಜೆ

ನಾಯಿಗೆ ಮೇಸ್ತ್ರಿ ಎಂದು ಹೆಸರಿಟ್ಟವಳು ಅಮ್ಮ. ಅಪ್ಪ ಏಣಿಯ ತುದಿಯಲ್ಲಿ ನಿಂತು ಬೆವರು ಸುರಿಸಿಕೊಂಡು ಅಂಗಡಿಗಳ ಬೋರ್ಡು ಬರೆಯುತ್ತಿದ್ದರೆ, ಇದು ಏಣಿಯ ಬುಡದಲ್ಲಿ ಮುಂಗಾಲು ಚಾಚಿ ಕೂತು, ಕತ್ತೆತ್ತಿ, ಅಕ್ಷರ ನೆಟ್ಟಗೆ ಬರುತ್ತಿದೆಯೋ ಇಲ್ಲವೋ ಎಂಬಂತೆ ನೋಡುತ್ತಿತ್ತು. ದುಡಿಯುವವನು ಒಬ್ಬ, ಕೂತು ನೋಡುವವನು ಇನ್ನೊಬ್ಬ, ಇದು ನಾಯಿಯಲ್ಲ ಮೇಸ್ತ್ರಿ ಎಂದು ಅಮ್ಮ ಒಂದು ದಿನ ಊಟದ ಡಬ್ಬಿ ಕೊಡಲು ಹೋದಾಗ ಹೇಳಿದ್ದೇ ಸರಿ, ಹೆಸರು ಅಂಟಿಕೊಂಡುಬಿಟ್ಟಿತು. ಗೋಧಿ ಬಣ್ಣದ ನಾಯಿ. ಬೆನ್ನ ಮೇಲೆ ಮಾತ್ರ ಕೆಂಪು, ನೀಲಿ, ಹಸಿರು ಚುಕ್ಕಿಗಳು. ಆ ತಿಂಗಳು ಅಪ್ಪ ಯಾವ ಯಾವ ಬಣ್ಣದ ಬೋರ್ಡು ಬರೆದಿದ್ದಾನೆ ಎಂಬುದನ್ನು ಮೇಸ್ತ್ರಿಯ ಬೆನ್ನು ನೋಡಿಯೇ ಹೇಳಬಹುದಿತ್ತು.

ಆದರೆ ಮೇಸ್ತ್ರಿ ಬರೀ ನೋಡುವುದಕ್ಕೆ ಅಲ್ಲಿ ಕೂರುತ್ತಿರಲಿಲ್ಲ. ಕೆಳಗೆ ಯಾರೂ ಇಲ್ಲದೆ ಏಣಿ ಹತ್ತಬಾರದು ಎನ್ನುವುದು ಅಪ್ಪನಿಗೆ ಅವನ ಗುರು ಬ್ರಶ್ಶು ಹಿಡಿಯುವುದನ್ನು ಕಲಿಸುವ ಮೊದಲೇ ಕಲಿಸಿದ ಪಾಠ. ಬೋರ್ಡು ಬರೆಯುವವನ ಕಣ್ಣು ಅಕ್ಷರದ ಮೇಲಿರುತ್ತದೆ, ಬೀದಿಯ ಮೇಲಲ್ಲ. ಮೇಸ್ತ್ರಿ ಬುಡದಲ್ಲಿ ಕೂತರೆ ಜನ ತಾವಾಗಿಯೇ ಸುತ್ತು ಹಾಕಿ ಹೋಗುತ್ತಿದ್ದರು. ಯಾವುದಾದರೂ ಸ್ಕೂಟರು ಫುಟ್‌ಪಾತ್ ಹತ್ತಿ ಬಂತೋ, ಅದು ಎದ್ದು ನಿಂತು ಬೀದಿಗೆಲ್ಲ ಕೇಳುವಂತೆ ಬೊಗಳುತ್ತಿತ್ತು, ಸ್ಕೂಟರಿನವನು ಬೈದುಕೊಂಡು ಕೆಳಗಿಳಿಯುತ್ತಿದ್ದ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಏಣಿ ಅಲುಗಿರಲಿಲ್ಲ.

ಅದಕ್ಕೂ ಮೊದಲು ಆ ಜಾಗದಲ್ಲಿ ಕೂರುತ್ತಿದ್ದವಳು ಮಗಳು. ಸ್ಕೂಲಿಗೆ ರಜೆ ಇದ್ದಾಗಲೆಲ್ಲ ಅವಳೇ ಕಾವಲು. ಆದರೆ ಅವಳನ್ನು ಒಂದು ಕಡೆ ಕೂರಿಸುವುದೆಂದರೆ ನೀರನ್ನು ಗಂಟು ಕಟ್ಟಿದಂತೆ. ಮನೆಯಲ್ಲಿ ಅವಳ ಹೆಸರೇ ಗಿರಗಿಟ್ಲೆ. ಹತ್ತನೇ ವಯಸ್ಸಿನಲ್ಲಿ ಒಂದು ದಿನ ಬಲೂನು ಮಾರುವವನ ಹಿಂದೆ ಎರಡು ಬೀದಿ ದಾಟಿ ಹೋಗಿಬಿಟ್ಟಿದ್ದಳು, ಅಪ್ಪ ಮೇಲಿಂದ ಮಾತಾಡಿಸಿ ಮಾತಾಡಿಸಿ ಉತ್ತರ ಬರದೆ ಕೆಳಗೆ ನೋಡಿದರೆ ಖಾಲಿ. ಮುಂದಿನ ವಾರ ಅಪ್ಪ ಚೀಲದಲ್ಲಿ ಒಂದು ನಾಯಿಮರಿ ತಂದ. ಅವತ್ತು ಅವಳಿಗೆ ಬಿಡುಗಡೆಯಾಯಿತು, ಮೇಸ್ತ್ರಿಗೆ ನೌಕರಿ ಸಿಕ್ಕಿತು.

ಈಗ ಗಿರಗಿಟ್ಲೆಗೆ ಹತ್ತೊಂಬತ್ತು, ಕಾಲೇಜು. ಓದುವುದು, ಬರೆಯುವುದು, ನಗುವುದು, ಜಗಳ ಎಲ್ಲ ಫೋನಿನಲ್ಲೇ. ಅವಳ ಕ್ಲಾಸಿನವರು ತಮ್ಮ ನಾಯಿಗಳನ್ನು ಕರೆದುಕೊಂಡು ಕೆರೆ, ಪಾರ್ಕು ಸುತ್ತಿ ವೀಡಿಯೊ ಹಾಕುತ್ತಿದ್ದರು. ಆ ನಾಯಿಗಳು ಸ್ನಾನ ಮಾಡಿದ್ದವು, ಕ್ರಾಪು ಬಾಚಿಕೊಂಡಿದ್ದವು, ಐಸ್‌ಕ್ರೀಂ ನೆಕ್ಕುತ್ತಿದ್ದವು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಬಿಸಿಲಿನಲ್ಲಿ ಏಣಿಯ ಕೆಳಗೆ ಬಣ್ಣದ ಹನಿ ಬೀಳಿಸಿಕೊಂಡು ಕೂತ ಮೇಸ್ತ್ರಿ ನೆನಪಾಗುತ್ತಿತ್ತು. ತಾನು ಕೂರಲಾರದೆ ಓಡಿಹೋದ ಜಾಗ ಅದು. ತನ್ನ ಪಾಲಿನ ಶಿಕ್ಷೆಯನ್ನು ಆ ಮೂಕಪ್ರಾಣಿ ಅನುಭವಿಸುತ್ತಿದೆ ಎಂದು ಅನ್ನಿಸುತ್ತಿತ್ತು.

ಶನಿವಾರ ಸಂಜೆ ಅವಳು ವಿಷಯ ಎತ್ತಿದಳು. ನಾಳೆ ಮೇಸ್ತ್ರಿಗೆ ರಜೆ ಕೊಡಬೇಕು, ಊರೆಲ್ಲ ಸುತ್ತಿಸಿಕೊಂಡು ಬರುತ್ತೇನೆ ಎಂದಳು. ಅಪ್ಪ ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬಟ್ಟೆಯಿಂದ ಒರೆಸುತ್ತಿದ್ದವನು ತಲೆ ಎತ್ತಲಿಲ್ಲ.

"ನನಗೇ ರಜೆ ಇಲ್ಲ, ಅವನಿಗೆ ಎಲ್ಲಿಂದ ತರಲಿ?"

"ಒಂಬತ್ತು ವರ್ಷ ಆಯ್ತು ಅಪ್ಪಾ. ಅವನು ಇವತ್ತಿನವರೆಗೂ ಕೆರೇನೇ ನೋಡಿಲ್ಲ."

"ಅರ್ಜಿ ಬರೆದು ಕೊಟ್ಟಿದಾನಾ?"

ಬರೆದುಕೊಟ್ಟಿದ್ದಾನೆ, ಕೆಳಗೆ ಕಾಲಿನ ರುಜು ಇದೆ ಎಂದು ಗಿರಗಿಟ್ಲೆ ಪಟ್ಟು ಬಿಡಲಿಲ್ಲ. ಅಪ್ಪನಿಗೆ ನಗು ಬಂತು, ನಗು ಬಂದ ಮೇಲೆ ಅವನು ಸೋತಂತೆಯೇ ಲೆಕ್ಕ. ಆದರೆ ನಾಳೆಯ ಕೆಲಸ ತಳ್ಳುವ ಹಾಗಿರಲಿಲ್ಲ. ಸಿಗ್ನಲ್ಲಿನ ಮೂಲೆಯಲ್ಲಿ ಹೊಸ ಕನ್ನಡಕದಂಗಡಿ ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವುದಿತ್ತು. ಅಚ್ಚು ಹಾಕಿದ ಬೋರ್ಡು ಬೇಡ, ಕೈಯಲ್ಲೇ ಬರೆಯಬೇಕು ಎಂದು ಅಂಗಡಿಯವರು ಹುಡುಕಿಕೊಂಡು ಬಂದಿದ್ದರು. ಈ ಕಾಲದಲ್ಲಿ ಹಾಗೆ ಕೇಳಿಕೊಂಡು ಬರುವವರು ಎಷ್ಟು ಮಂದಿ? ಮೇಲಿನ ಸಾಲಿನಲ್ಲಿ ದೊಡ್ಡದಾಗಿ ಅಂಗಡಿಯ ಹೆಸರು, ಕೆಳಗಿನ ಸಾಲಿನಲ್ಲಿ ಸಣ್ಣದಾಗಿ ಉಳಿದದ್ದು. ಭಾನುವಾರ ಕತ್ತಲಾಗುವುದರೊಳಗೆ ಮುಗಿಯಬೇಕು.

ಕೊನೆಗೆ ಒಪ್ಪಂದವಾಯಿತು. ಬೆಳಿಗ್ಗೆಯೆಲ್ಲ ಅಪ್ಪ ಸ್ಟೂಲಿನ ಮೇಲೆ ನಿಂತು ಅಳತೆ ಹಾಕುವುದು, ಸೀಮೆಸುಣ್ಣದ ಗೆರೆ ಎಳೆಯುವುದು, ಅಂಚು ಕಟ್ಟುವುದು ಮಾಡುತ್ತಾನೆ. ಹನ್ನೆರಡು ಗಂಟೆಗೆ ಏಣಿ ಹಾಕಬೇಕು. ಹನ್ನೆರಡಕ್ಕೆ ಮೇಸ್ತ್ರಿ ಅಲ್ಲಿರಬೇಕು.

"ಹನ್ನೆರಡು ಅಂದ್ರೆ ಹನ್ನೆರಡು. ನಿನ್ನ ಹನ್ನೆರಡಲ್ಲ, ಗಡಿಯಾರದ ಹನ್ನೆರಡು" ಎಂದ ಅಪ್ಪ.

ಭಾನುವಾರ ಬೆಳಿಗ್ಗೆ ಅವಳು ಮೇಸ್ತ್ರಿಗೆ ತನ್ನ ಶ್ಯಾಂಪೂ ಹಾಕಿ ಸ್ನಾನ ಮಾಡಿಸಿದಳು. ಬೆನ್ನಿನ ಬಣ್ಣ ಹೋಗಲಿಲ್ಲ, ಇನ್ನೂ ಮಿರಿಮಿರಿ ಮಿಂಚಿತು. ಬಸ್ಸಿನ ಕಂಡಕ್ಟರು ನಾಯಿ ಹತ್ತಿಸುವ ಹಾಗಿಲ್ಲ ಎಂದ. ಇದು ನಾಯಿಯಲ್ಲ, ಮೇಸ್ತ್ರಿ ಎಂದು ಅವಳು ಹೇಳಿದ್ದು ಅವನಿಗೆ ರುಚಿಸಲಿಲ್ಲ. ಹಾಗಾಗಿ ನಡಿಗೆ. ಕಾಲಿಗೆ ಚಕ್ರ ಕಟ್ಟಿಕೊಂಡವಳಿಗೆ ನಡಿಗೆ ಒಂದು ಭಾರವೇ?

ಮೊದಲು ಅಮ್ಮ ಕೆಲಸ ಮಾಡುವ ಬೇಕರಿಗೆ ಹೋದರು. ಅಮ್ಮ ಬಿಳಿ ಏಪ್ರನ್ ಕಟ್ಟಿಕೊಂಡು ಬ್ರೆಡ್ಡು ಕೊಯ್ಯುತ್ತಿದ್ದಳು. ಗಾಜಿನಾಚೆ ಶ್ಯಾಂಪೂ ಪರಿಮಳ ಬೀರುತ್ತ ನಿಂತ ಮೇಸ್ತ್ರಿಯನ್ನು ಕಂಡು, ಯಾರ ಮದುವೆಗೆ ಹೊರಟಿದ್ದಾನೆ ಇವನು ಎಂದು ಕೇಳಿ, ಬ್ರೆಡ್ಡಿನ ಅಂಚುಗಳನ್ನು ಪೊಟ್ಟಣ ಕಟ್ಟಿಕೊಟ್ಟಳು. ಹನ್ನೆರಡು ಗಂಟೆಯ ಮಾತನ್ನು ಅವಳೂ ಒಮ್ಮೆ ನೆನಪಿಸಿದಳು. ಗೊತ್ತಮ್ಮಾ ಗೊತ್ತು ಎಂದು ಮಗಳು ಬೀದಿಯ ಅರ್ಧ ಆಗಲೇ ದಾಟಿದ್ದಳು.

ಮೇಸ್ತ್ರಿಗೆ ರಜೆ ಎಂದರೇನೆಂದು ಮೊದಲು ಅರ್ಥವಾಗಲಿಲ್ಲ. ತರಕಾರಿ ಮಾರ್ಕೆಟ್ಟು ದಾಟಿ ಬಟ್ಟೆ ಅಂಗಡಿಗಳ ಸಾಲಿಗೆ ಬಂದಾಗ ಒಬ್ಬ ಎಲೆಕ್ಟ್ರಿಷಿಯನ್ನು ಏಣಿ ಹತ್ತಿ ದೀಪ ಬದಲಿಸುತ್ತಿದ್ದ. ಮೇಸ್ತ್ರಿ ಹಗ್ಗ ಎಳೆದುಕೊಂಡು ಹೋಗಿ, ಆ ಏಣಿಯ ಬುಡದಲ್ಲಿ ಗಂಭೀರವಾಗಿ ಕೂತುಬಿಟ್ಟಿತು. ಮೇಲಿದ್ದವನು ಕೆಳಗೆ ನೋಡಿ ಇದು ಯಾರದ್ದು ಎಂದು ಕೇಳಿದ. ಇವತ್ತು ರಜೆ ಕಣೋ, ಏಳೋ ಎಂದು ಅವಳು ಬೇಡಿಕೊಂಡಳು, ಎಳೆದಳು, ಬ್ರೆಡ್ಡು ತೋರಿಸಿದಳು. ಉಹೂಂ. ದೀಪ ಹಾಕಿ ಮುಗಿದು ಆ ಮನುಷ್ಯ ನೆಲ ಮುಟ್ಟಿದ ಮೇಲೆಯೇ ಮೇಸ್ತ್ರಿ ಎದ್ದದ್ದು. ಅದರ ವೀಡಿಯೊ ತೆಗೆದು, ಮೇಸ್ತ್ರಿ ಓವರ್‌ಟೈಮ್ ಮಾಡ್ತಿದಾನೆ ಎಂದು ಬರೆದು ಹಾಕಿದಳು. ಐದು ನಿಮಿಷದಲ್ಲಿ ನಲವತ್ತು ಮಂದಿ ನಕ್ಕರು.

ಆಮೇಲೆ ಅದಕ್ಕೂ ಹುರುಪು ಬಂತು. ಬಟ್ಟೆ ಅಂಗಡಿಯ ಕನ್ನಡಿಯಲ್ಲಿ ಕಂಡ ತನ್ನನ್ನೇ ನೋಡಿ ಬೊಗಳಿತು. ಪಾರ್ಕಿನ ಕಾರಂಜಿಯ ಹನಿಗಳನ್ನು ಬಾಯಿ ತೆರೆದು ಹಿಡಿಯಲು ಹಾರಿ ಹಾರಿ, ಕೊನೆಗೆ ಸೀನಿತು. ಒಂದು ಮಗುವಿನ ಕೈಯಿಂದ ಬಿದ್ದ ಐಸ್‌ಕ್ರೀಂ ನೆಲ ಮುಟ್ಟುವ ಮೊದಲೇ ಮಾಯವಾಯಿತು. ಮಗು ಅಳಲು ಬಾಯಿ ತೆರೆದದ್ದು ನಾಯಿಯ ಮೂಗಿನ ಮೇಲಿನ ಬಿಳಿ ಚುಕ್ಕೆ ನೋಡಿ ನಗಲು ಶುರುಮಾಡಿತು. ಮೇಸ್ತ್ರಿಯ ಬಾಲ ಅಷ್ಟು ಜೋರಾಗಿ ಆಡುವುದನ್ನು ಗಿರಗಿಟ್ಲೆ ನೋಡಿಯೇ ಇರಲಿಲ್ಲ. ಒಂಬತ್ತು ವರ್ಷದ ನಾಯಿ ಅದು, ಮೂತಿಯ ಸುತ್ತ ಬೆಳ್ಳಗಾಗಿತ್ತು. ಆದರೆ ಅವತ್ತು ಹುಲ್ಲಿನ ಮೇಲೆ ಮರಿಯಂತೆ ಉರುಳಾಡಿತು.

ಕೆರೆಯ ಹತ್ತಿರ ಬಂದಾಗ ಹನ್ನೊಂದೂವರೆ. ಅಲ್ಲಿಂದ ಕನ್ನಡಕದಂಗಡಿಗೆ ನಡೆದರೆ ಮುಕ್ಕಾಲು ಗಂಟೆ. ಹೊರಡಬೇಕು ಎಂದು ಅವಳಿಗೆ ಗೊತ್ತಿತ್ತು. ಆದರೆ ದಡದಲ್ಲಿ ಬಾತುಕೋಳಿಗಳು ಕೂಗುತ್ತಿದ್ದವು, ಪೆಡಲು ತುಳಿಯುವ ದೋಣಿಗಳಿದ್ದವು, ಬೊಗಳದಿದ್ದರೆ ನಾಯಿಯೂ ಬರಬಹುದು ಎಂದು ದೋಣಿಯವನು ಹೇಳಿದ್ದ, ಸಾಲು ಉದ್ದವಿತ್ತು. ಇಷ್ಟು ದೂರ ಬಂದು ದೋಣಿ ಹತ್ತದೆ ಹೋಗುವುದೇ? ಐದು ನಿಮಿಷ ತಡವಾದರೆ ಏನು ಕೊಳ್ಳೆ ಹೋಗುತ್ತದೆ?

ಹನ್ನೆರಡೂಕಾಲಿಗೆ ಅಪ್ಪನ ಫೋನು ಬಂತು. ಅವಳ ಮುಂದೆ ಸಾಲಿನಲ್ಲಿ ಇನ್ನೂ ಮೂರು ಜನ.

"ಎಲ್ಲಿದೀರಿ?"

"ಬಸ್ಸಲ್ಲಿ ಅಪ್ಪಾ. ಅರ್ಧ ಗಂಟೆ, ಬಂದ್ಬಿಟ್ವಿ."

ಮಾತು ಬಾಯಿಂದ ತಾನಾಗಿಯೇ ಜಾರಿತು. ನಾಯಿಯನ್ನು ಬಸ್ಸಿಗೆ ಹತ್ತಿಸುವುದಿಲ್ಲ ಎನ್ನುವುದೂ ಆ ಹೊತ್ತಿಗೆ ಅವಳಿಗೆ ನೆನಪಾಗಲಿಲ್ಲ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, ಸರಿ, ಹುಷಾರಾಗಿ ಬನ್ನಿ ಎಂದು ಇಟ್ಟುಬಿಟ್ಟ.

ದೋಣಿ ಸಿಕ್ಕಾಗ ಒಂದು ಗಂಟೆ. ಮೇಸ್ತ್ರಿ ಮೊದಲು ಹೆದರಿ ಅವಳ ತೊಡೆಯ ಮೇಲೆ ಹತ್ತಲು ನೋಡಿತು. ನೀರಿನ ಮಧ್ಯಕ್ಕೆ ಹೋಗುತ್ತಿದ್ದಂತೆ ಧೈರ್ಯ ಬಂದು, ದೋಣಿಯ ಮೂತಿಯಲ್ಲಿ ನಿಂತು, ಕಿವಿಗಳನ್ನು ಗಾಳಿಗೆ ಬಿಟ್ಟು, ಕಣ್ಣು ಅರ್ಧ ಮುಚ್ಚಿಕೊಂಡಿತು. ಅದರ ಮುಖದಲ್ಲಿ ಆಗ ಇದ್ದದ್ದನ್ನು ನಗು ಎಂದು ಕರೆಯದಿದ್ದರೆ ಬೇರೆ ಏನೆಂದು ಕರೆಯಬೇಕೋ ಅವಳಿಗೆ ತಿಳಿಯಲಿಲ್ಲ. ಅದನ್ನು ಸೆರೆ ಹಿಡಿಯುತ್ತಿದ್ದಾಗಲೇ ಪರದೆಯ ಮೇಲೆ ಅಪ್ಪನ ಹೆಸರು ಬಂದು ಚಿತ್ರಕ್ಕೆ ಅಡ್ಡ ನಿಂತಿತು. ಎರಡು ಸಲ ರಿಂಗಾಯಿತು. ಅವಳು ಹೆಬ್ಬೆರಳಿನಿಂದ ತಳ್ಳಿ ಕತ್ತರಿಸಿದಳು. ಬೈಯುವುದಕ್ಕೇ ಮಾಡಿರುತ್ತಾನೆ, ಹೋಗಿಯೇ ಬೈಸಿಕೊಂಡರಾಯಿತು ಎಂದುಕೊಂಡಳು.

ಆಮೇಲೆ ಫೋನು ಬರಲಿಲ್ಲ. ಬರಲಿಲ್ಲವಾದ್ದರಿಂದ ಅಪ್ಪ ಹೇಗೋ ಹೊಂದಿಸಿಕೊಂಡಿರಬೇಕು ಎಂದು ಅವಳ ಮನಸ್ಸು ತನಗೆ ಬೇಕಾದ ಹಾಗೆ ಲೆಕ್ಕ ಹಾಕಿತು. ಅಂಗಡಿಯವರು ಯಾರನ್ನಾದರೂ ನಿಲ್ಲಿಸಿರುತ್ತಾರೆ. ಹೇಗೂ ತಡವಾಗಿದೆ, ಇನ್ನು ಹತ್ತು ನಿಮಿಷಕ್ಕೆ ಬೈಗುಳವೇನೂ ಹೆಚ್ಚಾಗುವುದಿಲ್ಲ. ಮರದ ನೆರಳಿನಲ್ಲಿ ಬ್ರೆಡ್ಡಿನ ಅಂಚು ತಿಂದು ಇಬ್ಬರೂ ಅಡ್ಡಾದರು. ಮೇಸ್ತ್ರಿಯ ಹೊಟ್ಟೆ ಬೆಚ್ಚಗೆ ಮೇಲೆ ಕೆಳಗೆ ಆಡುತ್ತಿತ್ತು. ಅವಳು ಅದರ ಮೇಲೆ ತಲೆಯಿಟ್ಟಳು. ಕಣ್ಣು ಬಿಟ್ಟಾಗ ಮೂರೂಕಾಲು.

ಸಿಗ್ನಲ್ಲಿನ ಮೂಲೆಗೆ ಅವರು ಬಂದಾಗ ನಾಲ್ಕು. ಏಣಿ ಗೋಡೆಯುದ್ದಕ್ಕೂ ನೆಲದ ಮೇಲೆ ಅಡ್ಡ ಮಲಗಿತ್ತು. ನೀಲಿ ಬಣ್ಣದ ಡಬ್ಬಿ ಉರುಳಿ ಫುಟ್‌ಪಾತಿನ ಮೇಲೆ ಕೆರೆಯಾಗಿತ್ತು, ಅದರಲ್ಲಿ ಟೈರಿನ ಗುರುತು ಹಾದುಹೋಗಿತ್ತು.  ಮೇಸ್ತ್ರಿ ಅವಳ ಕೈಯಿಂದ ಹಗ್ಗ ಬಿಡಿಸಿಕೊಂಡು ಹೋಗಿ, ಆ ಬಣ್ಣದ ಪಕ್ಕದಲ್ಲಿ, ಏಣಿ ನಿಂತಿರಬೇಕಾಗಿದ್ದ ಜಾಗದಲ್ಲಿ ಕೂತು ಮೇಲೆ ನೋಡತೊಡಗಿತು. ಮೇಲೆ ಯಾರೂ ಇರಲಿಲ್ಲ.

ಕನ್ನಡಕದಂಗಡಿಯವರು ಒಳಗಿನಿಂದ ಓಡಿ ಬಂದರು. ಅವರ ತೋಳಿನ ಮೇಲೂ ನೀಲಿ ಬಣ್ಣವಿತ್ತು.

"ಪೇಂಟರ್ ಮಗಳಾ ನೀನು? ಹೆದರ್ಕೋಬೇಡಮ್ಮಾ, ಮಾತಾಡ್ತಿದಾರೆ. ಕೈ ಮೇಲೆ ಬಿದ್ರು, ಆಸ್ಪತ್ರೆಗೆ ಕಳಿಸಿದೀವಿ."

ಪಾರ್ಸೆಲ್ಲು ತಲುಪಿಸುವವನ ಸ್ಕೂಟರು ಸಿಗ್ನಲ್ಲು ತಪ್ಪಿಸಲು ಫುಟ್‌ಪಾತ್ ಹತ್ತಿದೆ, ಹಿಂದಿನ ಪೆಟ್ಟಿಗೆ ಏಣಿಯ ಕಾಲಿಗೆ ತಾಗಿದೆ. ಅರ್ಧ ಗಂಟೆಯ ಹಿಂದೆ, ಅಷ್ಟೆ. ಅಂಗಡಿಯವರು ಒಳಗೆ ಗಾಜು ಒರೆಸುತ್ತಿದ್ದರಂತೆ. ನಾನು ನಿಲ್ಲಲೇ ಎಂದು ಒಮ್ಮೆ ಕೇಳಿದೆ, ಬೇಡ ನಮ್ಮ ಮೇಸ್ತ್ರಿ ಬರುತ್ತಾನೆ ಎಂದರು, ಯಾರೋ ಕೆಲಸದವನು ಇರಬೇಕು ಅಂದುಕೊಂಡೆ ಎಂದು ಅವರು ಹೇಳಿದರು. ಗಿರಗಿಟ್ಲೆ ಮೇಸ್ತ್ರಿಯ ಹಗ್ಗ ಎತ್ತಿಕೊಂಡು ಆಸ್ಪತ್ರೆಯ ಕಡೆಗೆ ಓಡಿದಳು. 

ಆಸ್ಪತ್ರೆಯ ಬಾಗಿಲಿನಲ್ಲಿ ಕಾವಲಿನವನು ನಾಯಿಯನ್ನು ಒಳಗೆ ಬಿಡಲಿಲ್ಲ, ಅವನ ಕುರ್ಚಿಯ ಕಾಲಿಗೇ ಕಟ್ಟಿ ಹೋದಳು. ಅಮ್ಮ ಏಪ್ರನ್ನಿನಲ್ಲೇ ಬಂದಿದ್ದಳು, ಮೊಣಕೈವರೆಗೆ ಹಿಟ್ಟು. ಅಪ್ಪ ಮಂಚದ ಮೇಲೆ ಬಲಗೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ. ಆ ಕೈ ಅವನದ್ದೇ ಅಲ್ಲವೆನ್ನುವಂತೆ ಊದಿಕೊಂಡಿತ್ತು.

"ಎಲ್ಲಿದ್ದೆ ನೀನು?" ಎಂದಳು ಅಮ್ಮ.

"ಬಸ್ಸು ಸಿಗಲಿಲ್ಲಮ್ಮಾ."

ಅಮ್ಮ ಇನ್ನೇನೋ ಕೇಳುವುದರಲ್ಲಿದ್ದಳು. ಅಪ್ಪ ಕಣ್ಣು ಮುಚ್ಚಿಕೊಂಡೇ, ಭಾನುವಾರ ಬಸ್ಸು ಎಲ್ಲಿರುತ್ತವೆ, ಬಿಡು ಅವಳನ್ನು ಎಂದ. ಅವಳು ನೆಲ ನೋಡಿದಳು.

ಮಣಿಕಟ್ಟು ಎರಡು ಕಡೆ ಮುರಿದಿತ್ತು. ಆರು ವಾರ ಪ್ಲಾಸ್ಟರು ಎಂದರು ಡಾಕ್ಟರು. ಆಮೇಲೆ ಬೆರಳು ಆಡುತ್ತವೆ, ಊಟ ಮಾಡಬಹುದು, ಗುಂಡಿ ಹಾಕಿಕೊಳ್ಳಬಹುದು. ಬ್ರಶ್ಶಿನ ಕೆಲಸ ಅಷ್ಟು ಸೂಕ್ಷ್ಮದ್ದು, ಅದಕ್ಕೆ ಮಾತ್ರ ಈಗಲೇ ಏನೂ ಹೇಳಲಾರೆ ಎಂದರು. ಅಪ್ಪ ಹೂಂಗುಟ್ಟಿ, ಕನ್ನಡಕದಂಗಡಿಗೆ ನಾಳೆ ಬೆಳಿಗ್ಗೆ ಬಾಗಿಲು ತೆರೆಯಬೇಕು, ಎಡಗೈಯವನಿಗೆ ಯಾರಾದರೂ ಹೇಳಿ ಕಳಿಸಿ ಎಂದ.

ಎಡಗೈಯವನು ಎಂದರೆ ಊರಿನಲ್ಲಿ ಉಳಿದಿದ್ದ ಇನ್ನೊಬ್ಬ ಬೋರ್ಡು ಪೇಂಟರು. ಅಪ್ಪನೂ ಅವನೂ ಒಂದೇ ಗುರುವಿನ ಶಿಷ್ಯರು, ಮೂವತ್ತು ವರ್ಷದಿಂದ ಒಬ್ಬರ ಅಕ್ಷರಕ್ಕೆ ಇನ್ನೊಬ್ಬರು ಕೊಂಕು ತೆಗೆಯುತ್ತ ಬಂದವರು. ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅವನು ತನ್ನ ಡಬ್ಬಿಗಳೊಂದಿಗೆ ಬಂದ. ಗಿರಗಿಟ್ಲೆ ಮೇಸ್ತ್ರಿಯನ್ನು ಕರೆದುಕೊಂಡು ಅವನಿಗಿಂತ ಮೊದಲೇ ಬಂದು ನಿಂತಿದ್ದಳು. ಅವನು ಏಣಿ ಎತ್ತುವ ಮೊದಲು ಸೊಂಟದ ಮೇಲೆ ಕೈಯಿಟ್ಟು ಬೋರ್ಡನ್ನು ನೋಡಿದ. ನೋಡುತ್ತಲೇ ಇದ್ದ.

"ಏನಿದು, ನಿಮ್ಮಪ್ಪ ಕೆಳಗಿಂದ ಶುರು ಮಾಡಿದಾನೆ?"

ಅವಳು ಆಗ ತಲೆಯೆತ್ತಿ ನೋಡಿದಳು. ಹಿಂದಿನ ದಿನ ಅವಳ ಕಣ್ಣು ನೆಲ ಬಿಟ್ಟು ಮೇಲೆ ಹೋಗಿರಲಿಲ್ಲ. ಕೆಳಗಿನ ಸಾಲು ಪೂರ್ತಿಯಾಗಿತ್ತು. ಒಂದೊಂದು ಅಕ್ಷರವೂ ಮುತ್ತು ಪೋಣಿಸಿದಂತೆ ಕೂತಿತ್ತು, ಒಂದೊಂದಕ್ಕೂ ಸಣ್ಣ ನೆರಳು ಕೊಟ್ಟಿದ್ದ. ಮೇಲಿನ ಸಾಲಿನಲ್ಲಿ ಒಂದೂವರೆ ಅಕ್ಷರ. ಆ ಅರ್ಧದಿಂದ ನೀಲಿ ಗೀರೊಂದು ಕೆಳಗಿನ ಸಾಲನ್ನು ಸೀಳಿಕೊಂಡು ಗೋಡೆಯವರೆಗೆ ಇಳಿದಿತ್ತು.

ಬೋರ್ಡು ಬರೆಯುವವರು ಯಾವತ್ತೂ ಮೇಲಿನಿಂದ ಕೆಳಕ್ಕೆ ಬರುತ್ತಾರೆ. ಮೇಲಿನ ಹನಿ ಕೆಳಗಿನ ಹಸಿ ಅಕ್ಷರದ ಮೇಲೆ ಬೀಳಬಾರದು. ಏಣಿಯ ಬುಡದಲ್ಲಿ ಬಾಲ್ಯ ಕಳೆದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಳಗಿನ ಸಾಲು ಸ್ಟೂಲಿನ ಮೇಲೆ ನಿಂತರೆ ಕೈಗೆಟುಕುತ್ತದೆ, ಮೇಲಿನದಕ್ಕೆ ಏಣಿ ಬೇಕು.

"ಮೂವತ್ತು ವರ್ಷದಲ್ಲಿ ಅವನು ಹೀಗೆ ಮಾಡಿದ್ದು ನಾನು ಕಂಡಿಲ್ಲ" ಎಂದ ಎಡಗೈಯವನು. "ಯಾರಿಗೋ ಕಾದಿದಾನೆ ಕಣಮ್ಮಾ. ಕಾದೂ ಕಾದೂ, ಇರೋ ಕೆಲಸಾನೆಲ್ಲ ಮುಗಿಸಿ, ಬೇರೆ ದಾರಿ ಇಲ್ದೆ ಹತ್ತಿದಾನೆ."

ಅವಳು ಏಣಿಯ ಎರಡೂ ಕಾಲುಗಳನ್ನು ಹಿಡಿದು ನಿಂತಳು. ಅವಳ ಪಕ್ಕದಲ್ಲಿ ಮೇಸ್ತ್ರಿ. ಎಡಗೈಯವನು ಬರೆದು ಮುಗಿಸುವವರೆಗೆ, ಎರಡು ಗಂಟೆ, ಗಿರಗಿಟ್ಲೆ ಒಂದು ಹೆಜ್ಜೆ ಅತ್ತಿತ್ತ ಇಡಲಿಲ್ಲ. ಜೇಬಿನಲ್ಲಿ ಫೋನು ಗುರ್ರೆನ್ನುತ್ತಲೇ ಇತ್ತು. ಏಣಿಯ ಬುಡದಲ್ಲಿ ಕೂತ ನಾಯಿಯ ವೀಡಿಯೊಗೆ ಜನ ಇನ್ನೂ ನಗುತ್ತಿದ್ದರು.

ಮನೆಗೆ ಬಂದ ಮೇಲೆ ಅಪ್ಪ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿ, ಎಡಗೈಯಲ್ಲಿ ಚಮಚ ಹಿಡಿದು ಅರ್ಧ ಬಾಯಿಗೂ ಅರ್ಧ ಅಂಗಿಗೂ ಉಣಿಸುತ್ತಿದ್ದ. ನಿಮ್ಮಜ್ಜಿ ಇದ್ದಿದ್ದರೆ ಐವತ್ತು ವರ್ಷದ ಕೂಸಿಗೆ ತುತ್ತು ಕೊಡುತ್ತಿದ್ದಳು ಎಂದು ತಾನೇ ನಗುತ್ತಿದ್ದ. ಬೈಯುವವರು ಯಾರೂ ಇರಲಿಲ್ಲ. ಅಮ್ಮ ಬೇಕರಿಗೆ ಹೋಗಿ ಬರುತ್ತಿದ್ದಳು, ಬಂದು ಕೆಲಸಕ್ಕೆ ನಿಲ್ಲುತ್ತಿದ್ದಳು, ಆ ಭಾನುವಾರದ ಮಾತೇ ಎತ್ತುತ್ತಿರಲಿಲ್ಲ. ಹತ್ತು ದಿನ ಗಿರಗಿಟ್ಲೆ ಬಾಯಲ್ಲಿ ಕಲ್ಲಿಟ್ಟುಕೊಂಡವಳಂತೆ ಓಡಾಡಿದಳು. ಹನ್ನೊಂದನೆಯ ದಿನ ಮಧ್ಯಾಹ್ನ, ಅಪ್ಪನ ಬಾಯಿಗೆ ಚಮಚ ಹಿಡಿದಿದ್ದಾಗ, ತಡೆಯಲಾಗಲಿಲ್ಲ.

"ಅಪ್ಪಾ, ಅವತ್ತು ನಾನು ಬಸ್ಸಲ್ಲಿರಲಿಲ್ಲ."

ಅಪ್ಪ ಬಾಯಲ್ಲಿದ್ದದ್ದನ್ನು ನುಂಗಿ, "ಗೊತ್ತು" ಎಂದ. "ಬಸ್ಸಲ್ಲಿ ಬಾತುಕೋಳಿ ಕೂಗ್ತವಾ?"

ಅವಳ ಕೈಯಲ್ಲಿ ಚಮಚ ನಿಂತಿತು.

"ಗೊತ್ತಿದ್ದೂ ಯಾಕೆ ಬೈಲಿಲ್ಲ?"

"ಕೆರೆ ತನಕ ಹೋಗಿದೀರಿ ಅಂತ ಗೊತ್ತಾಯ್ತಲ್ಲ. ದೋಣಿ ಹತ್ತದೆ ನೀನು ಬರೋಳಲ್ಲ."

ಎರಡನೆಯ ಫೋನಿನ ಮಾತು ಹೇಳುವುದಕ್ಕೆ ಇನ್ನೂ ಕಷ್ಟವಾಯಿತು. ನೋಡಿಯೇ ಕತ್ತರಿಸಿದೆ, ಬೈಯಲು ಮಾಡಿದ್ದೀಯ ಎಂದುಕೊಂಡೆ ಎಂದಳು. ಅಪ್ಪ ಕಿಟಕಿಯ ಕಡೆ ನೋಡಿದ. ಅಂಗಳದಲ್ಲಿ ಮೇಸ್ತ್ರಿ ಬಿಸಿಲಿಗೆ ಬೆನ್ನು ಕೊಟ್ಟು ಮಲಗಿತ್ತು.

"ಆತುರ ಮಾಡ್ಬೇಡಿ ಅನ್ನೋಕೆ ಮಾಡಿದ್ದೆ ಕಣೇ" ಎಂದ. "ಕೆಳಗಿನ ಸಾಲು ಹಿಡಿದಿದೀನಿ, ಇನ್ನೊಂದು ಸುತ್ತು ಹಾಕ್ಕೊಂಡೇ ಬನ್ನಿ ಅಂತ. ಬಿಸಿಲು ಬೇರೆ ಇತ್ತು, ನೀನು ಗಾಬರಿ ಬಿದ್ದು ಓಡಿಸ್ಕೊಂಡು ಬರ್ತೀಯೇನೋ ಅಂದ್ಕೊಂಡೆ."

ಅವಳು ಚಮಚವನ್ನು ತಟ್ಟೆಯಲ್ಲಿಟ್ಟಳು. ಓಡಿಸಿಕೊಂಡು ಬರುವುದಿರಲಿ, ಆಮೇಲೆ ಅವಳು ಮರದ ನೆರಳಿನಲ್ಲಿ ಮಲಗಿ ನಿದ್ದೆ ಮಾಡಿದ್ದಳು.  ಒಂದು ಸಲ ಬೈಯಪ್ಪಾ ಎಂದು ಕೇಳಿಕೊಂಡಳು. ಅಪ್ಪ ಪ್ಲಾಸ್ಟರಿನ ಕೈ ಎತ್ತಲು ನೋಡಿ, ಮುಖ ಕಿವುಚಿ, ಕೆಳಗಿಳಿಸಿದ.

"ಬೈಯೋಕೆ ಈ ಕೈ ಬೇಕು ನಂಗೆ. ಬರೀ ಬಾಯಲ್ಲಿ ಬರಲ್ಲ."

ಇಬ್ಬರಲ್ಲಿ ಯಾರೂ ನಗಲಿಲ್ಲ. ಆಮೇಲೆ ಅವನೇ, ಅನ್ನ ಆರುತ್ತಿದೆ ಎಂದು ನೆನಪಿಸಿದ.

ಆರು ವಾರ ತುಂಬಿ ಪ್ಲಾಸ್ಟರು ಕತ್ತರಿಸಿದ ದಿನ ಒಳಗಿನಿಂದ ತೆಳ್ಳಗಿನ, ಬಿಳುಚಿದ ಕೈಯೊಂದು ಹೊರಬಂತು. ಮನೆಗೆ ಹೋಗುವ ಮೊದಲು ಬೋರ್ಡು ನೋಡಿಕೊಂಡು ಹೋಗೋಣ ಎಂದ ಅಪ್ಪ. ಆಸ್ಪತ್ರೆಯ ಕಾವಲಿನವನ ಹತ್ತಿರ ಬಿಟ್ಟಿದ್ದ ಮೇಸ್ತ್ರಿಯನ್ನೂ ಬಿಡಿಸಿಕೊಂಡು, ಮೂವರೂ ಹೋಗಿ ಕನ್ನಡಕದಂಗಡಿಯ ಎದುರಿನ ಫುಟ್‌ಪಾತಿನಲ್ಲಿ ನಿಂತರು.

ಅಂಗಡಿಯಲ್ಲಿ ಜನ ಇದ್ದರು. ಬೋರ್ಡನ್ನು ಯಾರೂ ನೋಡುತ್ತಿರಲಿಲ್ಲ, ನೋಡಿದ್ದರೂ ಅವರಿಗೇನೂ ಕಾಣುತ್ತಿರಲಿಲ್ಲ. ಕೆಳಗಿನ ಸಾಲು ಬಲಕ್ಕೆ ಸ್ವಲ್ಪವೇ ಬಾಗಿ ನಡೆಯುತ್ತಿತ್ತು, ಮೇಲಿನ ಸಾಲು ಎಡಕ್ಕೆ. ಮೇಲಿನ ಸಾಲಿನ ಮೊದಲ ಒಂದೂವರೆ ಅಕ್ಷರ ಮಾತ್ರ ಅಪ್ಪನದ್ದು. ಎಡಗೈಯವನು ನೀಲಿ ಗೀರನ್ನು ಮುಚ್ಚಿದ್ದ, ಆ ಅಕ್ಷರವನ್ನು ಅಳಿಸಿರಲಿಲ್ಲ, ಅರ್ಧಕ್ಕೆ ತನ್ನ ಅರ್ಧ ಸೇರಿಸಿ ಮುಂದುವರಿಸಿದ್ದ. ಎರಡು ಕೈ ಸೇರಿದ ಆ ಅಕ್ಷರದ ಮೇಲೆ ಗಿರಗಿಟ್ಲೆಯ ಕಣ್ಣು ಹೋಗಿ ಅಲ್ಲೇ ನಿಂತಿತು. ಇನ್ನು ಕಾಲೇಜಿಗೆ ಹೋಗುವಾಗ ಬರುವಾಗ ಬಸ್ಸು ಈ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅದು ಅಲ್ಲಿರುತ್ತದೆ.

"ಪರವಾಗಿಲ್ಲ, ಚೆನ್ನಾಗೇ ಬರೆದಿದಾನೆ" ಎಂದ ಅಪ್ಪ. ಮೂವತ್ತು ವರ್ಷದಲ್ಲಿ ಎಡಗೈಯವನ ಬಗ್ಗೆ ಅವನು ಆಡಿದ ಮೊದಲ ಒಳ್ಳೆಯ ಮಾತು ಅದು. ಹಾಗೆನ್ನುತ್ತ ಅವನು ಬಲಗೈಯ ತೋರುಬೆರಳನ್ನು ಎತ್ತಿ, ಗಾಳಿಯಲ್ಲಿ ಆ ಅಕ್ಷರದ ಸುಳಿಯನ್ನು ತಿದ್ದಿದ. ಬೆರಳು ಅರ್ಧ ಸುತ್ತು ಹೋಗಿ ನಡುಗಿತು. ಮತ್ತೊಮ್ಮೆ ತಿದ್ದಿದ, ಅಲ್ಲೇ ನಿಂತಿತು. ಅವನು ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಬಿಟ್ಟ. ಅವಳು ನೋಡಿಲ್ಲವೆನ್ನುವಂತೆ ಬಗ್ಗಿ ಮೇಸ್ತ್ರಿಯ ಹಗ್ಗ ಸರಿಮಾಡಿದಳು.

ಸಿಗ್ನಲ್ಲು ಕೆಂಪಾಯಿತು, ಹಸಿರಾಯಿತು, ಮತ್ತೆ ಕೆಂಪಾಯಿತು. ಅಪ್ಪ ದಾಟಲಿಲ್ಲ.

"ಒಂದು ಕೇಳ್ಬೇಕು ಅಂತಿದ್ದೆ. ಸತ್ಯ ಹೇಳು" ಎಂದ. "ಮೇಸ್ತ್ರಿಗೆ ಅವತ್ತು ಖುಷಿಯಾಯ್ತಾ?"

ಆ ದಿನ ಹೇಗಿತ್ತು ಎಂದು ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಚೆನ್ನಾಗಿರಲಿಲ್ಲ, ಬಿಸಿಲಿತ್ತು, ನಾಯಿಗೆ ಏನೂ ಹಿಡಿಸಲಿಲ್ಲ ಎಂದುಬಿಡಬಹುದಿತ್ತು. ಹಾಗೆಂದಿದ್ದರೆ ಅವಳಿಗೇ ಎಷ್ಟೋ ಹಗುರವಾಗುತ್ತಿತ್ತು. ಆದರೆ ಆ ದಿನದ ಬಗ್ಗೆ ಅವಳು ಆಗಲೇ ಎರಡು ಸುಳ್ಳು ಹೇಳಿದ್ದಳು.

"ತುಂಬಾ ಅಪ್ಪಾ" ಎಂದಳು. "ಅಷ್ಟು ಖುಷಿಯಾಗಿ ನಾನು ಅವನನ್ನ ನೋಡೇ ಇಲ್ಲ. ನಂಗೂ ಅಷ್ಟೇ."

ಅಪ್ಪ ತಲೆಯಾಡಿಸಿದ. ಆಮೇಲೆ ಎಡಗೈ ಚಾಚಿ ಹಗ್ಗವನ್ನು ತಾನು ತೆಗೆದುಕೊಂಡು, ದೀಪ ಹಸಿರಾಗುವುದನ್ನು ಕಾಯುತ್ತ ನಿಂತ.